ಪಾಕೀಟಿನ ಅಂಚಿಗೆ ಬಣ್ಣವೇಕೆ?

‘ಕೈಕೆಲಸ’ವೆಂದು ಮಾರುವ ತೆಳು ಪಾಕೀಟಿನ ಅಂಚನ್ನೊಮ್ಮೆ ನೋಡಿರಿ. ಬಳಿದಿರುವುದು ಬಣ್ಣ! ನಾನು ಕೊಂಡದ್ದರಲ್ಲಿ ಅದು ವರ್ಷ ಬಾಳಲಿಲ್ಲ. ಮಡಿಕೆಯ ಬಳಿ ಬಿರುಕುಬಿಟ್ಟು ಸಿಪ್ಪೆಯೆದ್ದಿತು.

ಅಂದಿನಿಂದ ಧಾರಾವಿಯಲ್ಲಿ ತೊಗಲು ತಂದು ರಜಾದಿನಗಳಲ್ಲಿ ನಾನೇ ಹೊಲಿಯುತ್ತೇನೆ. ಅಳಲೆಕಾಯಿ, ಮರದ ತೊಗಟೆಗಳಿಂದ ಹದಮಾಡಿದ ತೊಗಲಿಗೆ ಬಣ್ಣದ ಹಂಗಿಲ್ಲ. ಹೊಲಿಯುವ ಮೊದಲೇ ಅಂಚನ್ನು ಒಳಗಡೆಯಿಂದ ಹೆರೆದು ತೆಳ್ಳಗಾಗಿಸಬೇಕು. ಇಲ್ಲವಾದರೆ ಪದರಗಳೆಲ್ಲ ಸೇರಿ ಪಾಕೀಟು ಇಟ್ಟಿಗೆಯಾಗುತ್ತದೆ. ಹೊಲಿದ ಮೇಲೆ ಉಪ್ಪುಕಾಗದದಿಂದ ಸಮಮಾಡಿ, ತುಸುವೇ ನೀರು ಸವರಿ, ನುಣುಪಾದ ಮರದ ತುಂಡಿನಿಂದ ಬಿಸಿಯೇಳುವಂತೆ ಉಜ್ಜಬೇಕು. ತೊಗಲಿನ ಎಳೆಗಳು ಒತ್ತಿಕೊಂಡು, ಪದರಗಳು ಒಂದೇ ಎನ್ನುವಂತೆ ಹೊಳೆಯುತ್ತವೆ. ಕೊನೆಗೆ ಜೇನುಮೇಣ. (ಕ್ರೋಮಿಯಂ ಲವಣದಿಂದ ಹದಮಾಡಿದ ಮೆತ್ತನೆಯ ತೊಗಲು ಹೀಗೆ ಸುಲಭವಾಗಿ ಮಣಿಯದು. ಅದಕ್ಕೆ ಬಣ್ಣ ಬಳಿಯಲಿ, ಅಂಚು ಮಡಿಚಿ ಹೊಲಿಯಲಿ, ನನ್ನ ತಕರಾರಿಲ್ಲ.)

ಉಜ್ಜುವುದಕ್ಕೇ ನನಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಆ ಮುಕ್ಕಾಲು ಗಂಟೆಯ ಕೂಲಿ ಕೊಡಲು ನಮಗೆ ಮನಸ್ಸಿಲ್ಲ. ಕೆಲಸಗಾರ ಬಣ್ಣದ ಡಬ್ಬಿಗೆ ಕೈಹಾಕದೆ ಇನ್ನೇನು ಮಾಡಿಯಾನು?

‘ಸರಕಾರಿ ನೌಕರಿಯವರಿಗೆ ಈ ಮೋಚಿ ಕೆಲಸವೇಕೆ ಸ್ವಾಮಿ?’ ಎಂದರು ನೆರೆಯ ಕನ್ನಡಿಗರೊಬ್ಬರು. ಅವರ ಕಿಸೆಯಲ್ಲಿದ್ದುದೂ ತೊಗಲಿನ ಪಾಕೀಟೇ. ಚೌಕಾಸಿ ಮಾಡಿ ಕೊಂಡದ್ದು, ಅಂಚು ಸುಲಿದದ್ದು.