ಮಾರುತಿ ಮಾತಾಡಲಿಲ್ಲ, ಚಂದ್ರಿ ಕಾಯಲಿಲ್ಲ

ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ 1970ರಲ್ಲಿ ಸಿದ್ಧವಾದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ಅದನ್ನು ತಡೆಹಿಡಿಯಿತು. ಜಾತಿಯ ಕಿಚ್ಚು ಹತ್ತೀತೆಂಬ ಅಂಜಿಕೆ. ಕೊನೆಗೂ ತೆರೆಕಂಡ ಆ ಚಿತ್ರಕ್ಕೇ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಕನ್ನಡಕ್ಕೆ ಅದು ಮೊದಲನೆಯದು. ಧರ್ಮವನ್ನು ಹೀಗಳೆದ ಚಿತ್ರ ಎಂಬ ದೂರು ಮಾತ್ರ ಅದರ ಬೆನ್ನು ಬಿಡಲಿಲ್ಲ. ನನಗೋ, ಕನ್ನಡದಲ್ಲಿ ದೇವರನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ಚಿತ್ರ ಕಂಡಿಲ್ಲ.

ಕತೆ ಅನಂತಮೂರ್ತಿಯವರದು. ಆಚಾರ ಬಿಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವವರು ಯಾರು? ಅದು ತೀರ್ಮಾನವಾಗುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಖರ್ಚಿಗೆಂದು ನಾರಣಪ್ಪನ ಸಂಗಾತಿ ಚಂದ್ರಿ ಮೈಮೇಲಿನ ಒಡವೆಗಳನ್ನು ಬಿಚ್ಚಿ ಅಗ್ರಹಾರದ ವಿದ್ವಾಂಸ ಪ್ರಾಣೇಶಾಚಾರ್ಯರ ಮುಂದಿಡುವ ಗಳಿಗೆಯನ್ನು ಗಮನಿಸಿ ನೋಡಬೇಕು. ಅಲ್ಲಿಯತನಕ ‘ನಮಗೆ ಬೇಡ’ ಎಂದವರ ಕಣ್ಣು ಬಂಗಾರದ ಮೇಲೆ ನೆಡುತ್ತದೆ. ಮಡಿ ಮೈಲಿಗೆಯ ವಾದಕ್ಕೆಲ್ಲ ಹೊಸ ಬಣ್ಣ ಬರುತ್ತದೆ. ಅವಳಿಗಾದರೋ ಬೇಕಿದ್ದುದು ಒಂದೇ: ತನ್ನೊಡನೆ ಬಾಳಿದವನ ದೇಹಕ್ಕೆ ಬೆಂಕಿ.

ನಮ್ಮ ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ಇಲ್ಲಿ ಪ್ರಾಣೇಶಾಚಾರ್ಯರು. ರೋಗಿಷ್ಠ ಹೆಂಡತಿಯ ಸೇವೆಯನ್ನೇ ಮೋಕ್ಷದ ದಾರಿ ಮಾಡಿಕೊಂಡ ವಿದ್ವಾಂಸರಿಗೆ ಗ್ರಂಥದಲ್ಲಿ ಉತ್ತರ ಸಿಗುವುದಿಲ್ಲ. ಮಾರುತಿಯ ಗುಡಿಗೆ ಹೋಗಿ ಕೂರುತ್ತಾರೆ, ಮಾರುತಿಯೂ ಅಪ್ಪಣೆ ಕೊಡುವುದಿಲ್ಲ. ನಾಸ್ತಿಕನಿಗೆ ಇದು ಬರೀ ಕಲ್ಲು ಅನ್ನಿಸಬಹುದು. ನನಗೆ ಕಾಣುವುದೇ ಬೇರೆ. ನಿನ್ನ ಹೊಣೆ ನೀನೇ ಹೊರು ಎಂದು ದೇವರು ತೀರ್ಪನ್ನು ಮನುಷ್ಯನ ಕೈಗೇ ತಿರುಗಿ ಕೊಟ್ಟಿದ್ದಾನೆ. ಆಚಾರ್ಯರು ಅದನ್ನು ಅರಿಯುವ ಹೊತ್ತಿಗೆ ಕಾಡಿನ ಕತ್ತಲಲ್ಲಿ ಚಂದ್ರಿಯ ಮಡಿಲಲ್ಲಿರುತ್ತಾರೆ. ಜನ ಸಿಟ್ಟಾದದ್ದು ಇಲ್ಲಿಯೇ. ಆಚಾರ್ಯರಿಗೆ ಹಸಿವು, ಭಯ, ಕರುಣೆ ಎಂದರೇನೆಂದು ಮೊದಲ ಸಲ ಗೊತ್ತಾದದ್ದೂ ಇಲ್ಲಿಯೇ.

ಊರು ಕೊಡದ ಉತ್ತರ ಕಾಡಿನಲ್ಲಿ ಸಿಗುವುದು ಜೋಯಿಡಾದ ಕಾಡು ಬಲ್ಲವರಿಗೆ ತೀರಾ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಜಾತಿ ಮೀರಿದ ಒಂದು ಮದುವೆಗಾಗಿ ಕಲ್ಯಾಣದಲ್ಲಿ ನೆತ್ತರು ಹರಿದಾಗ ಚನ್ನಬಸವಣ್ಣನವರು ಶರಣರೊಂದಿಗೆ ಈ ಕಾಡಿನ ಉಳವಿಗೆ ಬಂದು ಐಕ್ಯರಾದರೆಂದು ನಂಬಿಕೆ. ಊರು ಉಸಿರು ಕಟ್ಟಿಸಿದ ಭಕ್ತಿಯನ್ನು ಕಾಡು ಕಾಪಾಡಿತು. ಇಂದಿಗೂ ಉಳವಿ ಜಾತ್ರೆಗೆ ಬಯಲುಸೀಮೆಯ ರೈತರು ಚಕ್ಕಡಿ ಕಟ್ಟಿಕೊಂಡು ದಾಂಡೇಲಿಯ ಕಾಡು ಹಾದು ಬರುತ್ತಾರೆ. ನೆಲೆ ಕಳೆದುಕೊಂಡ ಟಿಬೆಟಿಯನ್ನರೂ 1966ರಿಂದ ಇದೇ ಸೀಮೆಯ ಮುಂಡಗೋಡಿನಲ್ಲಿ ಧರ್ಮಚಕ್ರವನ್ನು ತಿರುಗಿಸುತ್ತಲೇ ಇದ್ದಾರೆ. ಊರು ನೂಕಿದ ನಂಬಿಕೆಗೆ ಆಸರೆಯಾದ ಈ ಸೀಮೆಯ ಜನ ‘ಸಂಸ್ಕಾರ’ವನ್ನು ನೋಡಬೇಕು, ಹಳಿಯಾಳ ದಾಂಡೇಲಿಯ ಕಾಲೇಜುಗಳಲ್ಲಿ ಅದನ್ನು ತೋರಿಸಬೇಕು ಎಂದು ನಾನು ಹೇಳುವುದು ಇದಕ್ಕೇ.

ಚಂದ್ರಿಯಾದ ಸ್ನೇಹಲತಾ ರೆಡ್ಡಿಯವರನ್ನು ನೆನೆಯದೆ ಈ ಚಿತ್ರದ ಮಾತು ಮುಗಿಯದು. ತುರ್ತುಪರಿಸ್ಥಿತಿಯಲ್ಲಿ ಅವರನ್ನು ಬೆಂಗಳೂರಿನ ಜೈಲಿಗೆ ಹಾಕಿದರು. ಅಸ್ತಮಾದಿಂದ ಜರ್ಜರಿತರಾದ ಮೇಲೆ ಪೆರೋಲ್ ಸಿಕ್ಕಿತು. ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಅವರ ಮುಖದಲ್ಲಿದ್ದ ಅಂಜದ ನಿಲುವು ಬರೀ ನಟನೆಯಾಗಿರಲಿಲ್ಲ.

ಕತೆಯಲ್ಲೂ ಪಾರು ಮಾಡುವವಳು ಚಂದ್ರಿಯೇ. ಅಪ್ಪಣೆಗೆ ಕಾಯದೆ, ಮುಸಲ್ಮಾನನೊಬ್ಬನ ನೆರವಿನಿಂದ ರಾತ್ರೋರಾತ್ರಿ ನಾರಣಪ್ಪನನ್ನು ಸುಟ್ಟು ಊರು ಬಿಡುತ್ತಾಳೆ. ಆಚಾರ್ಯರಿಗೆ ಅದರ ಸುಳಿವಿಲ್ಲ. ಊರೂರು ಅಲೆದು, ತನ್ನನ್ನು ತಾನೇ ಬಚ್ಚಿಟ್ಟುಕೊಂಡು ಸಾಕಾಗಿ, ಎಲ್ಲರೆದುರು ನಿಜ ಹೇಳಲು ಅಗ್ರಹಾರದತ್ತ ಹೊರಡುತ್ತಾರೆ. ಹೆಣದ ಸಮಸ್ಯೆ ಆಗಲೇ ತೀರಿದೆ, ಸುಮ್ಮನಿದ್ದರೂ ನಡೆಯುತ್ತದೆ. ಆದರೂ ಆ ಮನುಷ್ಯ ಹೋಗುತ್ತಾನೆ.