ಮುಖದ ಬಣ್ಣವನ್ನು ಆಟೋಗೆ ಬಿಡಬೇಡಿ

ಮದುವೆ ಫೋಟೋ ತೆಗೆಯುವವರು ವೈಟ್ ಬ್ಯಾಲೆನ್ಸನ್ನು ಕೈಯಾರೆ ಹೊಂದಿಸಿಕೊಳ್ಳಬೇಕು, ಅದರಲ್ಲೂ ನಮ್ಮ ಜನರ ಮೈಬಣ್ಣ ತೆಗೆಯುವಾಗ ಆಟೋವನ್ನು ನಂಬಬಾರದು ಎಂಬುದು ನನ್ನ ವಾದ. ಇದಕ್ಕೆ ವೃತ್ತಿಬಾಂಧವರು ಎತ್ತಿರುವ ಆಕ್ಷೇಪಗಳಲ್ಲಿ ಕೆಲವು ತೂಕದವು. ಅವಕ್ಕೆ ಉತ್ತರ ಕೊಡಲೇಬೇಕು.

‘ಈಗಿನ ಕ್ಯಾಮೆರಾ ಬಹಳ ಜಾಣ, ಆಟೋದಲ್ಲಿಟ್ಟರೆ ಸಾಕು’ ಎಂಬುದು ಮೊದಲನೆಯದು. ಸೆನ್ಸರ್‌ಗೆ ತಲುಪುವುದು ದೀಪದ ಬಣ್ಣ, ವಸ್ತುವಿನ ಬಣ್ಣ ಎರಡೂ ಬೆರೆತ ಬೆಳಕು. ಅದರಲ್ಲಿ ದೀಪದ ಪಾಲೆಷ್ಟು, ಸೀರೆಯ ಪಾಲೆಷ್ಟು ಎಂದು ಖಚಿತವಾಗಿ ಬಿಡಿಸಲು ಬಾರದು, ಊಹಿಸಬೇಕು. ಹಳೆಯ ಊಹೆಯೊಂದಿದೆ: ಚೌಕಟ್ಟಿನೊಳಗಿನ ಬಣ್ಣಗಳನ್ನೆಲ್ಲ ಕೂಡಿಸಿ ಸರಾಸರಿ ತೆಗೆದರೆ ಬೂದು ಬರಬೇಕು. 1980ರಲ್ಲಿ ಸಂಶೋಧಕ ಬುಕ್ಸ್‌ಬಾಮ್ ಇದಕ್ಕೆ ಗಣಿತದ ರೂಪ ಕೊಟ್ಟರು. ಈಗಿನ ಕ್ಯಾಮೆರಾಗಳು ಇದನ್ನು ದಾಟಿ ಬಹಳ ಮುಂದೆ ಬಂದಿವೆ, ನಿಜ. ಆದರೆ ಅರಿಶಿನ ಶಾಸ್ತ್ರದ ಹೊತ್ತಿಗೆ ನಿಂತು ನೋಡಿ. ಮೈಗೆ ಅರಿಶಿನ, ಸೀರೆ ಹಳದಿ, ಹಿಂದೆ ಚೆಂಡುಹೂವಿನ ತೆರೆ. ಆ ಹಳದಿಯನ್ನು ದೀಪದ ದೋಷವೆಂದು ತಿಳಿದ ಕ್ಯಾಮೆರಾ ನೀಲಿ ಏರಿಸುತ್ತದೆ, ಮದುಮಗಳ ಕೆನ್ನೆ ಬೂದಿ ಬಳಿದಂತಾಗುತ್ತದೆ. ಅಡಿಕೆ ತೋಟದಲ್ಲಿ ಜೋಡಿಯನ್ನು ನಿಲ್ಲಿಸಿದರೆ ಹಸಿರನ್ನು ತಗ್ಗಿಸಲು ಹೋಗಿ ಮುಖಕ್ಕೆ ನೇರಳೆ ಛಾಯೆ ತರುತ್ತದೆ. ಇನ್ನೂ ಕಷ್ಟದ ವಿಷಯವೆಂದರೆ, ಅದೇ ವೇದಿಕೆ, ಅದೇ ದೀಪ, ಜೂಮ್ ಮಾತ್ರ ಬದಲಾಯಿಸಿದಿರಿ. ಚೌಕಟ್ಟಿನೊಳಗೆ ಬಿದ್ದ ಬಣ್ಣ ಬದಲಾದ್ದರಿಂದ ಮುಖದ ಬಣ್ಣವೂ ಬದಲಾಯಿತು. ಆಲ್ಬಂನ ಎದುರುಬದುರು ಪುಟಗಳಲ್ಲಿ ಒಬ್ಬಳೇ ಹುಡುಗಿ ಇಬ್ಬರಾಗಿ ಕಾಣುತ್ತಾಳೆ.

ತಯಾರಕರಿಗೂ ಇದು ಗೊತ್ತು. ಕ್ಯಾನನ್ ಆಟೋದಲ್ಲೇ ಎರಡು ಬಗೆ ಇಟ್ಟಿದೆ: ಒಂದು ಬಿಳಿಗೆ ಆದ್ಯತೆ ಕೊಡುತ್ತದೆ, ಇನ್ನೊಂದು ಜಾಗದ ಬೆಳಕಿನ ಭಾವಕ್ಕೆ. ನಿಕಾನ್‌ನ ಹಲವು ಮಾದರಿಗಳಲ್ಲಿ ಮೂರು ಆಟೋ ಇವೆ. ಯಾವುದು ಬೇಕೆಂದು ಯಂತ್ರವೇ ತೀರ್ಮಾನಿಸುವಂತಿದ್ದರೆ ಒಂದೇ ಸಾಕಿತ್ತು.

‘ಕ್ಯಾಮೆರಾ ಮುಖ ಗುರುತಿಸುತ್ತದಲ್ಲ, ಚರ್ಮ ನೋಡಿಯೇ ಬಣ್ಣ ಕೂಡಿಸುತ್ತದೆ’ ಎನ್ನುವವರಿಗೆ ನನ್ನ ಪ್ರಶ್ನೆ: ಯಾರ ಚರ್ಮ? ಕೊಡ್ಯಾಕ್ ಕಾಲದಲ್ಲಿ ಲ್ಯಾಬ್‌ಗಳು ಪ್ರಿಂಟಿನ ಬಣ್ಣ ಹೊಂದಿಸುತ್ತಿದ್ದುದು ಶೆರ್ಲಿ ಕಾರ್ಡ್ ಎಂಬ, ಬಿಳಿಯ ಹೆಂಗಸಿನ ಚಿತ್ರ ನೋಡಿಕೊಂಡು. ಕಪ್ಪು ಚರ್ಮದವರು ಗುಂಪಿನಲ್ಲಿದ್ದರೆ ಕಣ್ಣು, ಹಲ್ಲು ಮಾತ್ರ ಕಾಣುವಂತಾಗುತ್ತಿತ್ತು. ಫಿಲಂ ಸುಧಾರಣೆಗೆ ಒತ್ತಡ ತಂದವರಲ್ಲಿ ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಕರಿದ್ದರು ಎಂಬುದನ್ನು ಸಂಶೋಧಕಿ ಲೋರ್ನಾ ರಾತ್ 2009ರ ತಮ್ಮ ಲೇಖನದಲ್ಲಿ ದಾಖಲಿಸಿದ್ದಾರೆ. ಮನುಷ್ಯರ ಮುಖಕ್ಕಿಂತ ಮೇಜಿನ ಬಣ್ಣ ಮುಖ್ಯವಾಯಿತೆಂದು ಓದಿದಾಗ ನನಗೆ ಸಿಟ್ಟು ಬಂದಿತ್ತು, ಇನ್ನೂ ಆರಿಲ್ಲ. ಎಲ್ಲ ಮೈಬಣ್ಣಗಳನ್ನೂ ಸರಿಯಾಗಿ ತೋರಿಸಲೆಂದು ಗೂಗಲ್ ತನ್ನ ಪಿಕ್ಸೆಲ್ 6 ಫೋನಿನಲ್ಲಿ ರಿಯಲ್ ಟೋನ್ ತಂದದ್ದು 2021ರಲ್ಲಿ. ಹಾರ್ವರ್ಡ್‌ನ ಎಲಿಸ್ ಮಂಕ್ ರೂಪಿಸಿದ 10 ಛಾಯೆಗಳ ಚರ್ಮದ ಪಟ್ಟಿಯನ್ನು ಪ್ರಕಟಿಸಿದ್ದು 2022ರಲ್ಲಿ. ಒಳ್ಳೆಯ ಕೆಲಸಗಳು, ಬಹಳ ತಡವಾಗಿ ಬಂದವು. ನಿಮ್ಮ ಕೈಯಲ್ಲಿರುವ ಕ್ಯಾಮೆರಾ ಯಾವ ಮುಖಗಳಿಂದ ಕಲಿತಿದೆಯೆಂದು ಅದರ ಪುಸ್ತಿಕೆ ಹೇಳುವುದಿಲ್ಲ.

ಮೂರನೆಯ ವಾದ ಹಿರಿಯ ಸ್ಟುಡಿಯೋದವರದ್ದು: ‘ಬಿಳಿ ಪಂಚೆ ಬೆಳ್ಳಗೆ ಬಂದರೆ ಮುಖ ತಾನಾಗಿ ಸರಿಹೋಗುತ್ತದೆ.’ ಪಂಚೆಗೆ ನೀಲಿ ಹಾಕಿ ಒಗೆದಿರುತ್ತಾರೆ. ಆ ನಸುನೀಲಿಯನ್ನೇ ಬಿಳಿಯೆಂದು ಹಿಡಿದು ಹೊಂದಿಸಿದರೆ ಮುಖ ಹಳದಿಗೆ ವಾಲುತ್ತದೆ. ಪಂಚೆಯ ಬದಲು ಗ್ರೇ ಕಾರ್ಡನ್ನೇ ಹಿಡಿದರೂ ಛತ್ರದ ಅಗ್ಗದ ಎಲ್‌ಇಡಿ ಇನ್ನೊಂದು ತೊಡಕು ತರುತ್ತದೆ. ಅದರ ಬೆಳಕಿನಲ್ಲಿ ಗಾಢ ಕೆಂಪಿನ ಅಂಶ ಕಡಿಮೆ. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ಡಬ್ಬಿಯ ಮೇಲೆ ಬರೆಯುವ ಸಿಆರ್‌ಐ ಅಂಕ 8 ಮಾದರಿ ಬಣ್ಣಗಳ ಸರಾಸರಿ. ಗಾಢ ಕೆಂಪಿನ ಮಾದರಿ ಆರ್9. ಆ ಎಂಟರಲ್ಲಿ ಅದು ಸೇರಿಲ್ಲ. ರಕ್ತ ಹರಿಯುವ ಚರ್ಮಕ್ಕೆ ಬೇಕಾದ್ದೇ ಆ ಕೆಂಪು. ಬಿಳಿ ಸರಿಯಾಗಿ ಬಂದು ತುಟಿ ಕೆನ್ನೆಗಳು ನಿರ್ಜೀವವಾಗುವುದು ಹೀಗೆ. ಇದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ, ನಿಮ್ಮ ಫ್ಲ್ಯಾಶನ್ನೇ ಮುಖ್ಯ ಬೆಳಕಾಗಿಸಬೇಕು.

ರಾ ಫೈಲಿನಲ್ಲಿ ತೆಗೆದರೆ ಆಮೇಲೆ ಸರಿಮಾಡಬಹುದು ಎಂಬುದು ಅರ್ಧ ಸತ್ಯ. ಬದಲಾಯಿಸಬಹುದು, ಆದರೆ ತಿಂಗಳ ನಂತರ ಎಡಿಟಿಂಗ್ ಕೋಣೆಯಲ್ಲಿ ಕುಳಿತವನಿಗೆ ಆ ಮುಖ ಹೇಗಿತ್ತೆಂದು ಹೇಳುವವರು ಯಾರು?

ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಮಾತು, ‘ಗಿರಾಕಿಗೇ ಬೆಳ್ಳಗೆ ಬೇಕು, ನಿಮಗೇನು?’ ಹುಡುಗಿಯ ಕಡೆಯವರು ಹಾಗೆ ಕೇಳುತ್ತಾರೆ, ನಾನೂ ಬಲ್ಲೆ. ಆದರೆ ಅವರು ಕೇಳುತ್ತಿರುವುದು ಬಹಳ ಸಲ ಬೆಳಕನ್ನು, ಬಿಳುಪನ್ನಲ್ಲ. ಮೀಟರ್ ಎಲ್ಲವನ್ನೂ ಮಧ್ಯಮ ಬೂದಿಗೆ, ಹಳೆಯ ಲೆಕ್ಕದಲ್ಲಿ ಶೇ 18ರ ಪ್ರತಿಫಲನಕ್ಕೆ, ಎಳೆಯುತ್ತದೆ. ಚೌಕಟ್ಟು ತುಂಬ ಬಿಳಿ ಪಂಚೆ, ಜರಿ ಅಂಚು, ಮಲ್ಲಿಗೆ ಇದ್ದಾಗ ಅದು ಎಕ್ಸ್‌ಪೋಶರ್ ತಗ್ಗಿಸಿ, ಎಣ್ಣೆಗೆಂಪು ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಆ ಕತ್ತಲೆಯನ್ನು ಕಂಡು ಮನೆಯವರು ಬೆಳ್ಳಗೆ ಮಾಡಿ ಎನ್ನುತ್ತಾರೆ. ನಾವು ಹಳದಿ ಕೆಂಪು ಇಳಿಸಿ, ಮುಖ ತೊಳೆದು ಕೊಡುತ್ತೇವೆ. ಕೈ ಒಂದು ಬಣ್ಣ, ಮುಖ ಇನ್ನೊಂದು. ಪಕ್ಕದಲ್ಲಿ ನಿಂತ ಅವಳ ಅಮ್ಮ ಅವಳಿಗೆ ಏನೂ ಆಗದವಳಂತೆ ಕಾಣುತ್ತಾಳೆ. ವಿಡಿಯೋದವರ ವೆಕ್ಟರ್‌ಸ್ಕೋಪಿನಲ್ಲಿ ನೋಡಿ, ಕಪ್ಪು, ಗೋಧಿ, ಬಿಳಿ ಎಲ್ಲ ಮೈಬಣ್ಣಗಳೂ ಹೆಚ್ಚುಕಡಿಮೆ ಒಂದೇ ಗೆರೆಯ ಸುತ್ತ ಬೀಳುತ್ತವೆ. ಎದ್ದು ಕಾಣುವ ಅಂತರವಿರುವುದು ಹೊಳಪಿನಲ್ಲಿ. ಮುಖಕ್ಕೆ ಪಕ್ಕದಿಂದ ಮೆದು ಬೆಳಕು ಕೊಟ್ಟು, ಮುಖಕ್ಕೇ ಮೀಟರ್ ಮಾಡಿ ತೆಗೆದ ಫೋಟೋ ಕೈಗಿಟ್ಟರೆ, ಬೆಳ್ಳಗೆ ಮಾಡಿ ಎಂಬ ಮಾತು ಎಷ್ಟೋ ಮನೆಗಳಲ್ಲಿ ಬರುವುದೇ ಇಲ್ಲ.

‘ಹಾಗೆ ಲೆಕ್ಕಹಾಕಿ ತೆಗೆದರೆ ದೀಪದ ಸೊಬಗು ಸಾಯುತ್ತದೆ’ ಎಂಬ ಆಕ್ಷೇಪವನ್ನು ನಾನು ಗೌರವಿಸುತ್ತೇನೆ. ಆರತಿಯ ಬೆಳಕು 2000 ಕೆಲ್ವಿನ್ ಆಸುಪಾಸಿನದು. ಅದನ್ನು ಹಗಲಿನಂತೆ ಬೆಳ್ಳಗೆ ಮಾಡುವುದು ಅರಸಿಕತನ. ಆಗ ನಾನು 3200ಕ್ಕೆ ಇಟ್ಟುಬಿಡುತ್ತೇನೆ, ಹೊಂಬಣ್ಣ ಉಳಿಯುತ್ತದೆ. ಕೈಯಾರೆ ಹೊಂದಿಸುವವನಿಗೆ ಮಾತ್ರ ಈ ಆಯ್ಕೆಯಿದೆ.

ಇನ್ನು ಮುಹೂರ್ತದ ಗಡಿಬಿಡಿ. ಧಾರೆಗೆ ಮೊದಲು ಹಸೆಯ ಮೇಲೆ ಗ್ರೇ ಕಾರ್ಡ್ ಹಿಡಿಸಿ ಒಂದು ಫ್ರೇಮ್ ತೆಗೆದು ಕಸ್ಟಮ್‌ಗೆ ಹಾಕಲು ಒಂದು ನಿಮಿಷವೂ ಬೇಡ. ವಿಡಿಯೋದವರು ತಮ್ಮ ಲೈಟ್ ಹೊತ್ತಿಸಿದರೆ ಮತ್ತೊಮ್ಮೆ ಹಿಡಿಸಿ. ಅವರು ಯಾವಾಗ ಹೊತ್ತಿಸುತ್ತಾರೆಂದು ಮೊದಲೇ ಮಾತಾಡಿಕೊಂಡಿರಿ.