ಯಾವುದನ್ನು ಬಿಡಲಿ, ಹೇಳಿ ಸರ್

ಪೌತಿ ಖಾತೆ ಮಾಡಿಸಲೆಂದು ಕಳೆದ ವರ್ಷ ನಮ್ಮೂರ ಕಡೆಯ ಗ್ರಾಮ ಆಡಳಿತಾಧಿಕಾರಿಯ ಕೊಠಡಿ ಮುಂದೆ ಅರ್ಧ ದಿನ ಕೂತಿದ್ದೆ. ಮಧ್ಯಾಹ್ನ ಮೂರೂವರೆ ಆಗಿತ್ತು. ಕಿಟಕಿಯಲ್ಲಿಟ್ಟಿದ್ದ ಊಟದ ಡಬ್ಬಿಯನ್ನು ಆಕೆ ಇನ್ನೂ ಮುಟ್ಟಿರಲಿಲ್ಲ. ಪಹಣಿಗೆ ಆಧಾರ್ ಜೋಡಿಸುವ ಆ್ಯಪ್ ಕೈಯಲ್ಲಿ ತೆರೆದಿತ್ತು. ಎದುರಿಗಿದ್ದ ಅಜ್ಜ ಒಟಿಪಿ ಓದಲು ಜೇಬಿನಲ್ಲಿ ಕನ್ನಡಕ ತಡಕುತ್ತಿದ್ದರು. ಅವರು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಒಟಿಪಿಯ ಅವಧಿ ಮುಗಿಯಿತು. ಅದೇ ಹೊತ್ತಿಗೆ ತಾಲ್ಲೂಕು ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಗತಿ ಪಟ್ಟಿ ಬಂತು. ಹಿಂದೆ ಬಿದ್ದ ವೃತ್ತಗಳೆಲ್ಲ ಕೆಂಪು ಬಣ್ಣದಲ್ಲಿದ್ದವು. ನನ್ನ ಅರ್ಜಿಯನ್ನು ಆಕೆ ತಲೆ ಎತ್ತದೆಯೇ ತೆಗೆದುಕೊಂಡು, ‘ನಾಳೆ ಬನ್ನಿ ಸರ್’ ಅಂದರು.

ಉಡಾಫೆ ಎಂದುಕೊಂಡು ಸಿಟ್ಟಿನಲ್ಲೇ ಮನೆಗೆ ಬಂದೆ. ಮುಂದಿನ ಭಾನುವಾರ ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ಮರಣ ಪ್ರಮಾಣಪತ್ರದ ಪ್ರತಿ ಮಸುಕಾಗಿದೆ, ಇನ್ನೊಂದು ಕಳಿಸಿ ಎಂದವರು ಅವರೇ. ನನ್ನ ಸಿಟ್ಟಿಗೆ ನಾಚಿಕೆಯಾಯಿತು.

2024ರ ಸೆಪ್ಟೆಂಬರ್ 26ರಂದು ರಾಜ್ಯದ ಗ್ರಾಮ ಆಡಳಿತಾಧಿಕಾರಿಗಳು ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಇಳಿದಾಗ ಮುಂದಿಟ್ಟ ದೂರುಗಳಲ್ಲಿ ಮುಖ್ಯವಾದದ್ದು ಇದೇ ಕೆಲಸದ ಹೊರೆ. ಆಧಾರ್ ಜೋಡಣೆ, ಲ್ಯಾಂಡ್ ಬೀಟ್, ಬಗರ್‌ಹುಕುಂ, ಬೆಳೆ ಕಟಾವು, ಇ-ಆಫೀಸ್, ಚುನಾವಣೆ ಬಂದರೆ ಗರುಡ... ಹೀಗೆ ಇಪ್ಪತ್ತರ ಆಸುಪಾಸು ಆ್ಯಪ್‌ಗಳು, ತಂತ್ರಾಂಶಗಳು. ಅವನ್ನು ನಡೆಸಲು ಬೇಕಾದ ಮೊಬೈಲ್, ಲ್ಯಾಪ್‌ಟಾಪ್, ಇಂಟರ್‌ನೆಟ್ ಇರಲಿಲ್ಲ; ಹಲವೆಡೆ ಕೂರಲು ಸರಿಯಾದ ಕೊಠಡಿಯೂ ಇರಲಿಲ್ಲ. ಸರ್ಕಾರದ ಭರವಸೆ ನಂಬಿ ಕೆಲಸಕ್ಕೆ ಮರಳಿದವರು 2025ರ ಫೆಬ್ರುವರಿ 10ರಿಂದ ಮತ್ತೆ ಧರಣಿ ಕೂರಬೇಕಾಯಿತು. ಇಷ್ಟರ ಜೊತೆಗೆ ಪಕ್ಕದ ವೃತ್ತದ ಪ್ರಭಾರ ಹೆಗಲೇರಿದವರ ಸ್ಥಿತಿಯನ್ನು ಊಹಿಸಿಕೊಳ್ಳಿ.

ಹೊಸ ಕೆಲಸ ಸೇರಿಸುವುದು ಆಡಳಿತಕ್ಕೆ ಬಹಳ ಸುಲಭ, ಒಂದು ಸುತ್ತೋಲೆ ಸಾಕು. ಹಳೆಯದನ್ನು ತೆಗೆಯುವ ಸುತ್ತೋಲೆಯನ್ನು ಯಾರೂ ಹೊರಡಿಸುವುದಿಲ್ಲ. ಕಳೆದ ವರ್ಷ ಶಾಲಾ ಶಿಕ್ಷಕರಿಗೆ ಆದದ್ದೂ ಇದೇ. 2025ರ ಸೆಪ್ಟೆಂಬರ್ 22ರಿಂದ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ದಸರಾ ರಜೆಯಲ್ಲೇ ಮನೆ ಮನೆ ಅಲೆದರು. ಒಂದೊಂದು ಮನೆಗೆ 60 ಪ್ರಶ್ನೆ. ಆ್ಯಪ್ ಕೈಕೊಟ್ಟಾಗ, ನೆಟ್‌ವರ್ಕ್ ಸಿಗದಾಗ ಅದೇ ಮನೆಗೆ ಮತ್ತೆ ಹೋಗಬೇಕು. ಗಡುವು ಅಕ್ಟೋಬರ್ 18ರವರೆಗೆ ಮುಂದೆ ಹೋಯಿತು, ತಪ್ಪಿದ ಪಾಠಗಳನ್ನು ವಿಶೇಷ ತರಗತಿಯಲ್ಲಿ ಮುಗಿಸುವ ಹೊಣೆಯೂ ಅವರ ಮೇಲೆಯೇ ಬಿತ್ತು. ಸಮೀಕ್ಷೆ ಬೇಕಿತ್ತು ಎಂದೇ ನಾನು ನಂಬುತ್ತೇನೆ. ಅದಕ್ಕಾಗಿ ಶಿಕ್ಷಕರ ಉಳಿದ ಯಾವ ಹೊರೆಯನ್ನು ಇಳಿಸಿದೆವು ಎಂಬುದಷ್ಟೇ ನನ್ನ ಪ್ರಶ್ನೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಅನ್ನು ವಿವರಿಸಿತು. ಅದನ್ನು ಕಾಯಿಲೆ ಎಂದು ಕರೆಯಲಿಲ್ಲ. ಕೆಲಸದ ಜಾಗದಲ್ಲಿ ದೀರ್ಘಕಾಲ ಪರಿಹಾರ ಕಾಣದೆ ಉಳಿದ ಒತ್ತಡದ ಫಲ ಎಂದಿತು. ಅದರ ಲಕ್ಷಣ ಮೂರು: ಶಕ್ತಿಯೆಲ್ಲ ಬಸಿದುಹೋದಂತಾಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿಯುವುದು, ಕೈಯಿಂದ ಏನೂ ಆಗುತ್ತಿಲ್ಲ ಅನಿಸುವುದು. ನಾವು ಕಚೇರಿಗಳಲ್ಲಿ ಸಿಡುಕು, ಉಡಾಫೆ ಎಂದು ಬೈಯುವುದರ ಒಂದು ಪಾಲು ಈ ಎರಡನೆಯದು. ಎಲ್ಲ ಸಿಡುಕಿಗೂ ಇದೇ ಕಾರಣ ಎನ್ನಲಾರೆ. ಲಂಚಕ್ಕಾಗಿ ಅಲೆಸುವವರನ್ನು ನಾನೂ ಕಂಡಿದ್ದೇನೆ.

ನಮ್ಮ ಚರ್ಚೆ ಮಾತ್ರ ಗಂಟೆಗಳ ಲೆಕ್ಕದಲ್ಲೇ ಸಿಕ್ಕಿಕೊಂಡಿದೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಎಂದರು, 2025ರಲ್ಲಿ ಎಲ್‌ ಅಂಡ್‌ ಟಿ ಅಧ್ಯಕ್ಷರು 90 ಎಂದರು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲೇ ಹೇಳಿವೆ. ಗಂಟೆಯ ಮಿತಿ ಬೇಕೇ ಬೇಕು. ಆದರೆ ಭಾನುವಾರ ರಾತ್ರಿ ಫೋನ್ ಮಾಡಿದ ಆಕೆಯ ದುಡಿಮೆ ಯಾವ ಹಾಜರಾತಿ ಪುಸ್ತಕದಲ್ಲಿ ದಾಖಲಾಗುತ್ತದೆ?

ಒತ್ತಡ ತಾಳಲಾರದವರಿಗೆ ನಾವು ಕೊಡುವ ಸಲಹೆ ಯೋಗ, ಧ್ಯಾನ, ಸಮಯಪಾಲನೆ. ನಾನೇ ಬೆಳಿಗ್ಗೆ ಪ್ರಾಣಾಯಾಮ ಮಾಡುವವನು, ಅದರಿಂದ ನಿದ್ದೆ ಸುಧಾರಿಸಿದೆ. ಮೇಜಿನ ಮೇಲಿನ ಕಡತ ಅದರಿಂದ ಕರಗುವುದಿಲ್ಲ. ನನ್ನ ಅನುಭವದಲ್ಲಿ ಫಲ ಕೊಟ್ಟದ್ದು ಇನ್ನೊಂದು ದಾರಿ. ಕೈಯಲ್ಲಿರುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದಕ್ಕೂ ಹಿಡಿಯುವ ಹೊತ್ತನ್ನು ಎದುರಿಗೆ ನಮೂದಿಸಿ, ಹೊಸದೊಂದು ಬಂದಾಗ ಆ ಹಾಳೆ ಸಮೇತ ಮೇಲಧಿಕಾರಿಯ ಮುಂದೆ ನಿಲ್ಲುವುದು: ‘ಮಾಡುತ್ತೇನೆ. ಇದರಲ್ಲಿ ಯಾವುದನ್ನು ಬಿಡಲಿ, ಹೇಳಿ ಸರ್’. ಮೊದಲ ಸಲ ಬೈಸಿಕೊಂಡೆ. ಮೂರನೆಯ ಸಲ ಅವರೇ ಪೆನ್ನು ತೆಗೆದು ಎರಡು ಸಾಲು ಹೊಡೆದುಹಾಕಿದರು. ಬೆಂಗಳೂರಿನ ಟೆಕಿಗೂ ಆಸ್ಪತ್ರೆಯ ನರ್ಸ್‌ಗೂ ಈ ಪ್ರಶ್ನೆ ಕೇಳುವ ಹಕ್ಕಿದೆ. ಆದರೆ ಪ್ರೊಬೇಷನರಿ ಅವಧಿಯಲ್ಲಿರುವವರು, ಗುತ್ತಿಗೆಯಲ್ಲಿ ಇರುವವರು ಒಬ್ಬಂಟಿಯಾಗಿ ಕೇಳಲಾರರು. ಗ್ರಾಮ ಆಡಳಿತಾಧಿಕಾರಿಗಳು ಮುಷ್ಕರ ಹೂಡಿ ಕೇಳಿದ್ದು ಇದನ್ನೇ, ಒಟ್ಟಾಗಿ.

ಕಂದಾಯ ಇಲಾಖೆ ಇದಕ್ಕೆ ಉತ್ತರ ಕೊಡಬಹುದು. 2024ರಲ್ಲಿ ಇದೇ ಹುದ್ದೆಯ 1,000 ಸ್ಥಾನಗಳಿಗೆ ಅರ್ಜಿ ಕರೆದದ್ದು ಒಳ್ಳೆಯ ಹೆಜ್ಜೆ. ಇನ್ನು ಮುಂದೆ ಯಾವ ಹೊಸ ಆ್ಯಪ್ ತಂದರೂ, ಅದರ ಬದಲಿಗೆ ಯಾವ ಹಳೆಯ ಆ್ಯಪ್, ಯಾವ ವರದಿ, ಯಾವ ಸಭೆ ರದ್ದಾಯಿತು ಎಂದು ಅದೇ ಆದೇಶದಲ್ಲಿ ಬರೆಯಲಿ. ರದ್ದು ಮಾಡುವಂಥದ್ದು ಏನೂ ಇಲ್ಲ ಎಂದಾದರೆ ಆ ಆದೇಶಕ್ಕೆ ಸಹಿ ಹಾಕುವ ಮುನ್ನ ಅಧಿಕಾರಿಗಳು ಒಂದು ದಿನ ಆ ಕೊಠಡಿಯಲ್ಲಿ ಬಂದು ಕೂರಲಿ, ಮಧ್ಯಾಹ್ನ ಮೂರೂವರೆಯವರೆಗೆ.